ಅಕ್ಕಪಕ್ಕ: ನಲ್ಲಿಯಲ್ಲಿ ಗಾಳಿ, ಗಿಡದಲ್ಲಿ ಹೂವಿಲ್ಲ, ಗೇಟಿನ ಮುಂದೆ ಕಲ್ಲು

ಈ ತಿಂಗಳು ಬಂದ ಪತ್ರಗಳಲ್ಲಿ ನೀರಿನ ವಿಷಯವೇ ಜಾಸ್ತಿ. ಬೇಸಿಗೆ ಅಲ್ವಾ. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ವಕೀಲನೂ ಅಲ್ಲ, ಡಾಕ್ಟರೂ ಅಲ್ಲ. ಬೆಂಗಳೂರಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ನಿವೃತ್ತನಾದವನು. ಮೀಟರ್ ಇರುವುದು ಗೇಟಿನ ಪಕ್ಕ. ಅಕ್ಕಪಕ್ಕದವರ ಜಗಳ ಶುರುವಾಗುವುದೂ ಅಲ್ಲೇ. ಅದಕ್ಕೇ ಸಂಪಾದಕರು ಈ ಕೆಲಸ ನನಗೆ ಹಚ್ಚಿದ್ದಾರೆ.

ಪ್ರಶ್ನೆ: ನಮ್ಮದು ಇಳಿಜಾರಿನ ಬೀದಿ. ದಿಣ್ಣೆ ಮೇಲಿನ ಕೊನೆ ಮನೆ ನಮ್ಮದು. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ. ಮೊದಲು ಸಂಪು ತುಂಬುತ್ತಿತ್ತು. ಈಗ ಸ್ವಲ್ಪ ಹೊತ್ತು ಸಣ್ಣಗೆ ಬಂದು ನಿಂತುಬಿಡುತ್ತದೆ. ನಲ್ಲಿ ತಿರುಗಿಸಿದರೆ ಬುಸ್ ಅಂತ ಗಾಳಿ. ಕೆಳಗಿನ ಮನೆಯವರು ಲೈನಿಗೇ ಮೋಟಾರು ಹಾಕಿದ್ದಾರೆ ಅಂತ ಅನುಮಾನ. ಅವರು ನಮಗೆ ತುಂಬಾ ಬೇಕಾದವರು. ಹೇಗೆ ಕೇಳೋದು?
– ಗೃಹಿಣಿ, ಹನುಮಂತನಗರ

ಉತ್ತರ: ಕೇಳೋ ಮೊದಲು ಖಚಿತ ಮಾಡಿಕೊಳ್ಳಿ ತಾಯಿ. ಬೇಕಾದವರ ಮೇಲೆ ಸುಳ್ಳು ಆರೋಪ ಹೊರಿಸಿದರೆ ನೀರೂ ಬರಲ್ಲ, ಅವರ ಮನೆ ಸತ್ಯನಾರಾಯಣ ಪೂಜೆಗೆ ಕರೆಯೂ ಬರಲ್ಲ.

ನೀರು ನಿಮ್ಮ ಮನೆಗೆ ಹೇಗೆ ಬರುತ್ತದೆ ನೋಡಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಆಗಿ, ನೂರು ಕಿಲೋಮೀಟರ್ ದೂರದಿಂದ ಏರು ಹತ್ತಿ ಬರುತ್ತದೆ. 1974ರಲ್ಲಿ ಮೊದಲ ಹಂತದ ನೀರು ಬಂದಾಗಿನಿಂದ ಇದೇ ದಾರಿ. ಅಷ್ಟು ದೂರ ಹತ್ತಿದ ನೀರು ನಿಮ್ಮ ಬೀದಿಗೆ ಬಂದಮೇಲೆ ಮಾತ್ರ ಸೋಮಾರಿ. ವಾಲ್ವ್ ತೆಗೆದ ತಕ್ಷಣ ತಗ್ಗಿನ ಮನೆಗಳ ಸಂಪಿಗೆ ಮೊದಲು ಇಳಿಯುತ್ತದೆ. ಅಲ್ಲಿ ಸಂಪು ತುಂಬಿ, ಬಾಲ್‌ಕಾಕ್ ಮೇಲೆದ್ದು, ನಲ್ಲಿ ಮುಚ್ಚಿಕೊಂಡ ಮೇಲೆಯೇ ಪ್ರೆಷರ್ ಮೇಲಕ್ಕೆ ಏರುವುದು. ಕೆಳಗಿನ ಒಂದೇ ಒಂದು ಮನೆಯ ಬಾಲ್‌ಕಾಕ್ ಕೆಟ್ಟಿದ್ದರೂ ಸಾಕು, ಅವರ ಸಂಪು ತುಂಬಿ ಚರಂಡಿಗೆ ಹರಿಯುತ್ತಲೇ ಇರುತ್ತದೆ, ನಿಮ್ಮ ಮನೆಗೆ ಏರುವುದೇ ಇಲ್ಲ. ಅವರಿಗೆ ಅದು ಗೊತ್ತೂ ಇರುವುದಿಲ್ಲ. ಸಂಪಿನ ಮುಚ್ಚಳದ ಮೇಲೆ ಸ್ಕೂಟರ್ ನಿಲ್ಲಿಸಿರುತ್ತಾರೆ.

ಆದ್ದರಿಂದ ಮೊದಲ ಕೆಲಸ: ನೀರು ಬಿಡುವ ಹೊತ್ತಿಗೆ ಕೊತ್ತಂಬರಿ ಸೊಪ್ಪು ತರೋ ಹಾಗೆ ಕೈಚೀಲ ಹಿಡಿದು ಬೀದಿ ಕೊನೆಯವರೆಗೆ ನಡೆಯಿರಿ. ಚರಂಡಿಯಲ್ಲಿ ತಿಳಿನೀರು ಹರಿಯುತ್ತಿದೆಯಾ ನೋಡಿ. ಹರಿಯುತ್ತಿದ್ದರೆ ತಪ್ಪಿತಸ್ಥ ಬಾಲ್‌ಕಾಕು.

ಎರಡನೆಯದು, ಮೀಟರ್ ಪಕ್ಕದ ನಲ್ಲಿ ಪೂರ್ತಿ ತೆರೆದು ಬಾಯಿಗೆ ಅಂಗೈ ಒತ್ತಿ ಹಿಡಿಯಿರಿ. ಗಾಳಿ ಹೊರಗೆ ತಳ್ಳಿದರೆ ಅದು ಲೈನಿನಲ್ಲಿ ಸಿಕ್ಕಿಕೊಂಡ ಗಾಳಿ. ನೀರಿಗೆ ಮುಂಚೆ ಅದು ಬಂದೇ ಬರುತ್ತದೆ, ಮತ್ತೆ ಅದಕ್ಕೂ ಮೀಟರ್ ತಿರುಗುತ್ತದೆ. ಅಂಗೈಯನ್ನು ಒಳಕ್ಕೆ ಎಳೆದರೆ ಮಾತ್ರ ಯಾರೋ ಕೆಳಗೆ ಮೋಟಾರು ಹಾಕಿ ಎಳೆಯುತ್ತಿದ್ದಾರೆ ಅಂತ ಅರ್ಥ. ಆ ಎಳೆತ ಒಮ್ಮೆ ಕೈಗೆ ತಗುಲಿದರೆ ಮತ್ತೆ ಅನುಮಾನ ಉಳಿಯುವುದಿಲ್ಲ.

ಆ ಮೋಟಾರುಗಳನ್ನು ನಾನು ಚೆನ್ನಾಗಿ ಬಲ್ಲೆ. ಅರ್ಧ ಎಚ್‌ಪಿದು, ಹಸಿರು ಪೈಪು, ಪೈಪಿನ ಬಾಯಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ್ದು, ಮೇಲೆ ಕವುಚಿ ಹಾಕಿದ ಬಕೆಟ್ಟು. ಮೀಟರ್ ಓದಲು ಒಳಗೆ ಹೋದರೆ ಮನೆಯವರು ಆ ಬಕೆಟ್ಟಿಗೆ ಕಾಲು ಕೊಟ್ಟು ನಿಂತು, ‘ಏನ್ ಸಾರ್, ಬಿಸಿಲು ಜಾಸ್ತಿ’ ಅಂತ ಮಾತಿಗೆ ಎಳೆಯುತ್ತಿದ್ದರು. ಮಜ್ಜಿಗೆ ಕೂಡ ಸಿಗುತ್ತಿತ್ತು!

ಇರಲಿ. ಮೋಟಾರು ಇರುವುದು ಖಚಿತವಾದರೆ ಯಜಮಾನರನ್ನು ಮುಂದೆ ಬಿಟ್ಟು ದಂಡೆತ್ತಿ ಹೋಗಬೇಡಿ. ನೀವೊಬ್ಬರೇ ಹೋಗಿ, ಆ ಮನೆಯವರನ್ನು ಕೇಳಿ: ‘ನಿಮ್ಮನೇಲಿ ನೀರು ವಾಸನೆ ಬರ್ತಿದೆಯಾ?’ ಈ ಪ್ರಶ್ನೆಗೆ ಕಾರಣ ಇದೆ. ಮೋಟಾರು ಎಳೆದಾಗ ಪೈಪಿನಲ್ಲಿ ಪ್ರೆಷರ್ ಪೂರ್ತಿ ಬಿದ್ದುಹೋಗುತ್ತದೆ. ಹಳೇ ಬೀದಿಗಳಲ್ಲಿ ಕುಡಿಯೋ ನೀರಿನ ಲೈನೂ ಒಳಚರಂಡಿ ಲೈನೂ ಹತ್ತಿರ ಹತ್ತಿರವೇ ಹೋಗಿರುತ್ತವೆ. ಎಲ್ಲೋ ಒಂದು ಜಾಯಿಂಟು ಸಡಿಲ ಇದ್ದರೆ ಸುತ್ತಲಿನ ಕೊಳಚೆ ಒಳಕ್ಕೆ ಬರುತ್ತದೆ. ಅದನ್ನು ಮೊದಲು ಕುಡಿಯುವವರು ಎಳೆದವರೇ. ‘ನಮಗೆ ನೀರು ಬರ್ತಿಲ್ಲ’ ಅಂದರೆ ಕರಗದವರು ‘ನಿಮ್ಮ ಮೊಮ್ಮಗು ಕುಡಿಯೋ ನೀರಮ್ಮಾ ಇದು’ ಅಂದರೆ ಕರಗುತ್ತಾರೆ. ನಿಜವನ್ನೇ ಹೇಳುತ್ತಿದ್ದೀರಿ, ಸಂಕೋಚ ಬೇಡ.

ಅವರಿಗೂ ಕಷ್ಟ ಇರಬಹುದು. ಹಳೇ ಮನೆ, ಸಂಪು ಇಲ್ಲ, ಬಾಡಿಗೆಗೆ ಮೂರು ಪೋರ್ಷನ್ನು, ನೀರು ಸೀದಾ ಮೇಲಿನ ಟ್ಯಾಂಕಿಗೆ ಹೋಗಬೇಕು. ಹಾಗಿದ್ದರೆ ಒಂದು ದಾರಿ ಇದೆ. ಐನೂರು ಲೀಟರಿನ ಸಿಂಟೆಕ್ಸ್ ಟ್ಯಾಂಕೊಂದನ್ನು ಕೆಳಗೆ ಇಟ್ಟು, ಲೈನಿನ ನೀರು ತಾನಾಗಿ ಅದಕ್ಕೆ ಬೀಳುವಂತೆ ಮಾಡಿ, ಮೋಟಾರನ್ನು ಆ ಟ್ಯಾಂಕಿಗೆ ಹಾಕಿಕೊಳ್ಳಲಿ. ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಆಮೇಲೂ ಕೇಳದಿದ್ದರೆ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ. 2025ರ ಏಪ್ರಿಲ್‌ನಲ್ಲಿ ಮಂಡಳಿ ಇಂಥ ಮೋಟಾರುಗಳ ಮೇಲೆಯೇ ಕಾರ್ಯಾಚರಣೆ ಶುರು ಮಾಡಿತು: 5,000 ರೂಪಾಯಿ ದಂಡ, ಮೋಟಾರು ಜಪ್ತಿ.

ಇನ್ನೊಂದು ವಿಷಯ. ನಿಮ್ಮ ಏರಿಯಾದ ವಾಲ್ವ್‌ಮ್ಯಾನ್ ಪರಿಚಯ ಮಾಡಿಕೊಳ್ಳಿ. ಉದ್ದನೆಯ ಕಬ್ಬಿಣದ ಕೀಲಿ ಹೆಗಲ ಮೇಲೆ ಹೊತ್ತು ಬೆಳಗಿನ ಜಾವ ಬರುತ್ತಾರಲ್ಲ, ಅವರೇ. ಬೀದಿ ಮಧ್ಯೆ ಎಲ್ಲಾದರೂ ಇನ್ನೊಂದು ವಾಲ್ವ್ ಇದ್ದರೆ ಕೆಳಗಿನ ಭಾಗ ಸ್ವಲ್ಪ ಹೊತ್ತು ಮುಚ್ಚಿ ಮೇಲಕ್ಕೆ ಬಿಡಬಹುದು. ಆದರೆ ದುಡ್ಡು ಕೊಟ್ಟು ಮಾಡಿಸಬೇಡಿ. ಒಮ್ಮೆ ನೀವು ಕೊಟ್ಟರೆ ಮುಂದಿನ ವಾರ ಕೆಳಗಿನವರು ಜಾಸ್ತಿ ಕೊಡುತ್ತಾರೆ.

ಪ್ರಶ್ನೆ: ಎದುರು ಮನೆಯವರು ಭಾನುವಾರ ಬಂದರೆ ಪೈಪ್ ಹಿಡಿದು ಎರಡು ಕಾರು, ಮನೆ ಮುಂದಿನ ರಸ್ತೆ ಎಲ್ಲ ತೊಳೆಯುತ್ತಾರೆ. ನಾವು ಟ್ಯಾಂಕರ್ ತರಿಸಿಕೊಂಡು ಬದುಕುತ್ತಿದ್ದೇವೆ. ಹೊಟ್ಟೆ ಉರಿಯುತ್ತದೆ.
– ಟ್ಯಾಂಕರ್ ಗಿರಾಕಿ, ಆರ್.ಟಿ. ನಗರ

ಉತ್ತರ: ಉರಿಯಬೇಕಾದ್ದೇ. ಕಾರಿಗೆ ಒಂದು ಬಕೆಟ್ಟು, ಒಂದು ಬಟ್ಟೆ ಸಾಕು. ರಸ್ತೆಗೆ ಅದೂ ಬೇಡ. 2024ರ ಮಾರ್ಚ್‌ನಲ್ಲಿ, ಬೋರ್‌ವೆಲ್ಲುಗಳೆಲ್ಲ ಬತ್ತಿದಾಗ, ಕುಡಿಯೋ ನೀರಲ್ಲಿ ಗಾಡಿ ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ‘ಬೋರ್‌ವೆಲ್ ನೀರು, ನಮ್ಮದೇ’ ಅನ್ನುವವರೂ ಇದ್ದಾರೆ. ಆ ಬೋರು ಎಳೆಯುವುದು ನಿಮ್ಮ ಮನೆ ಕೆಳಗಿನ ನೀರನ್ನೂ ಸೇರಿಸಿಯೇ. ಮುಂದಿನ ಸಲ ನಿಮ್ಮ ಟ್ಯಾಂಕರನ್ನು ಭಾನುವಾರ ಬೆಳಗ್ಗೆ, ಅವರು ಪೈಪ್ ಹಿಡಿಯುವ ಹೊತ್ತಿಗೆ ಸರಿಯಾಗಿ ತರಿಸಿ. ಆ ಸದ್ದು, ಆ ಬಿಲ್ಲು ಅವರ ಕಣ್ಣೆದುರೇ ನಡೆಯಲಿ. ಮಾತೇ ಆಡಬೇಕಾಗುವುದಿಲ್ಲ.

ಪ್ರಶ್ನೆ: ಕಾಂಪೌಂಡ್ ಪಕ್ಕ ದಾಸವಾಳ, ನಂದಿಬಟ್ಟಲು, ಪಾರಿಜಾತ ಹಾಕಿದ್ದೇನೆ. ಬೆಳಗ್ಗೆ ಐದೂವರೆಗೆ ವಾಕಿಂಗ್ ಬರೋ ಹಿರಿಯರೊಬ್ಬರು ಕೊಕ್ಕೆ ಕೋಲು ತಂದು ಎಲ್ಲ ಹೂ ಬಗ್ಗಿಸಿ ಕಿತ್ತು ಕವರಿಗೆ ತುಂಬಿಕೊಂಡು ಹೋಗುತ್ತಾರೆ. ಕೇಳಿದರೆ ‘ದೇವರಿಗೆ ತಾನೇ ಅಮ್ಮಾ’ ಅನ್ನುತ್ತಾರೆ. ನನ್ನ ಪೂಜೆಗೆ ಒಂದೂ ಉಳಿಯೋದಿಲ್ಲ.
– ಬರೀ ಎಲೆಯ ಒಡತಿ, ರಾಜಾಜಿನಗರ

ಉತ್ತರ: ಸರಿ, ಅವರ ದೇವರಿಗೆ. ನಿಮ್ಮ ದೇವರು ಏನು ಪಾಪ ಮಾಡಿದ್ದ? ಈ ವಾಕಿಂಗ್ ಹೂಗಳ್ಳರು ಇಲ್ಲದ ಬೀದಿಯನ್ನು ನಾನು ಕಂಡೇ ಇಲ್ಲ. ಎಲ್ಲರೂ ಮರ್ಯಾದಸ್ಥರೇ, ಮಂಕಿಕ್ಯಾಪು, ಸ್ವೆಟರು, ಬಾಯಲ್ಲಿ ಸಹಸ್ರನಾಮ.

ದಾಸವಾಳಕ್ಕೆ ಉಪಾಯ ಇದೆ. ಹಿಂದಿನ ದಿನ ಸಂಜೆಯೇ, ನಾಳೆ ಅರಳುವಂತಿರುವ ದಪ್ಪ ಮೊಗ್ಗುಗಳನ್ನು ಕಿತ್ತು ಒಂದು ತಟ್ಟೆಯಲ್ಲಿಡಿ. ಬೆಳಗ್ಗೆ ಹೊತ್ತಿಗೆ ಮನೆ ಒಳಗೇ ಅರಳಿರುತ್ತವೆ. ಪಾರಿಜಾತವನ್ನು ಅವರಿಗೇ ಬಿಟ್ಟುಬಿಡಿ. ನೆಲಕ್ಕೆ ಬಿದ್ದದ್ದನ್ನು ಆರಿಸಿ ಪೂಜೆಗೆ ಇಡುವ ಹೂವು ಅದು. ಅವರೇ ಬಗ್ಗಿ ಆರಿಸಿಕೊಳ್ಳಲಿ, ವಾಕಿಂಗ್ ಜೊತೆ ಅದೂ ಒಂದು ವ್ಯಾಯಾಮ. ನಂದಿಬಟ್ಟಲಿಗೆ ಮಾತ್ರ ಒಂದು ದಿನ ನೀವು ಬೇಗ ಎದ್ದು ಗೇಟಿನಲ್ಲಿ ನಿಲ್ಲಬೇಕು. ‘ಬನ್ನಿ ಸಾರ್, ಅರ್ಧ ನಿಮಗೆ, ಅರ್ಧ ನಮಗೆ’ ಅನ್ನಿ. ಕದ್ದು ಕೀಳುವವರಿಗೆ ಕರೆದು ಕೊಟ್ಟರೆ ಕೈ ಹಿಡಿತಕ್ಕೆ ಬರುತ್ತದೆ. ಮಳೆಗಾಲ ಬಂದಾಗ ದಾಸವಾಳದ ಒಂದು ಬಲಿತ ಕಡ್ಡಿ, ಪೆನ್ಸಿಲ್ ಗಾತ್ರದ್ದು, ಕತ್ತರಿಸಿ ಅವರ ಕೈಗೇ ಕೊಡಿ. ಮಣ್ಣಿಗೆ ಚುಚ್ಚಿದರೆ ಚಿಗುರುತ್ತದೆ. ‘ಮನೇಲಿ ಜಾಗ ಇಲ್ಲ’ ಅಂತಾರೆ, ನೋಡ್ತಾ ಇರಿ. ಆಗ ಒಂದು ಕುಂಡವನ್ನೂ ಕೊಡಿ.

ಪ್ರಶ್ನೆ: ಪಕ್ಕದವರು ತಮ್ಮ ಮನೆ ಮುಂದಿನ ರಸ್ತೆಗೆ ಕಲ್ಲು, ಒಡೆದ ಕುಂಡ, ಸಿಮೆಂಟ್ ತುಂಬಿದ ಡಬ್ಬ ಇಟ್ಟಿದ್ದಾರೆ. ಅವರ ಹತ್ತಿರ ಕಾರೇ ಇಲ್ಲ! ನಮ್ಮ ಮನೆಗೆ ನೆಂಟರು ಬಂದು ಅಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯುತ್ತೇವೆ ಅಂತಾರೆ. ರಸ್ತೆ ಅವರದಾ?
– ಬ್ಯಾಂಕ್ ಉದ್ಯೋಗಿ, ವಿಜಯನಗರ

ಉತ್ತರ: ಅಲ್ಲ. ಅವರ ಖಾತೆಯಲ್ಲಿರುವ ಜಾಗ ಕಾಂಪೌಂಡಿಗೆ ಮುಗಿಯಿತು. ಗೇಟಿಗೆ ಅಡ್ಡ ನಿಲ್ಲಿಸಿದರೆ ತಪ್ಪು ನಿಮ್ಮ ನೆಂಟರದು, ಅದಕ್ಕೆ ಟ್ರಾಫಿಕ್ ಪೊಲೀಸರು ದಂಡ ಹಾಕಬಹುದು. ಗೇಟು ಬಿಟ್ಟು ಪಕ್ಕಕ್ಕೆ ನಿಲ್ಲಿಸಿದರೆ ಕೇಳುವ ಹಕ್ಕು ಅವರಿಗಿಲ್ಲ. ಗಾಳಿ ತೆಗೆಯುವ ಹಕ್ಕಂತೂ ಯಾರಿಗೂ ಇಲ್ಲ. ಕಲ್ಲು ತೆಗೆಸಲು ಪಾಲಿಕೆಯ 1533ಕ್ಕೆ ದೂರು ಕೊಡಬಹುದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳು ಬಂದಿವೆ, ನಿಮ್ಮದು ಯಾವುದು ಅಂತ ನೋಡಿಕೊಂಡು ಮಾತಾಡಿ.

ಆದರೆ ಕಾರಿಲ್ಲದವರು ಕಲ್ಲು ಯಾಕೆ ಇಡುತ್ತಾರೆ ಅಂತ ಯೋಚಿಸಿದ್ದೀರಾ? ಮನೆಯಲ್ಲಿ ಕಾಯಿಲೆಯವರು ಇರಬಹುದು, ರಾತ್ರಿ ಆಂಬ್ಯುಲೆನ್ಸ್ ಬರೋಕೆ ಜಾಗ ಬೇಕಿರಬಹುದು. ಯಾರೋ ಹಿಂದೆ ವಾರಗಟ್ಟಲೆ ಗಾಡಿ ಬಿಟ್ಟುಹೋಗಿರಬಹುದು. ಇಲ್ಲವೇ ಬರೀ ಜಂಬ. ಮೂರಕ್ಕೂ ಔಷಧಿ ಬೇರೆ ಬೇರೆ. ಸದ್ಯಕ್ಕೆ ನೆಂಟರಿಗೆ ಹೇಳಿ: ಗಾಡಿಯ ಗ್ಲಾಸಿನ ಒಳಗೆ ಫೋನ್ ನಂಬರ್ ದಪ್ಪಗೆ ಬರೆದು ಇಡಲಿ. ನಮ್ಮ ಬೀದಿಯಲ್ಲಿ ಅರ್ಧ ಜಗಳ ಆ ಚೀಟಿಯಿಂದಲೇ ನಿಂತವು.

ಪ್ರಶ್ನೆ: ನಮ್ಮ ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಇದೆ. ಯಾರ್ಯಾರೋ ಕಸ ತಂದು ಎಸೆಯುತ್ತಾರೆ. ಗೋಡೆಗೆ ದೇವರ ಟೈಲ್ಸ್ ಅಂಟಿಸಿದರೆ ನಿಲ್ಲುತ್ತದಂತೆ, ಹೌದಾ?
– ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ಉತ್ತರ: ದೇವರ ಟೈಲ್ಸ್ ನನಗೆ ಇಷ್ಟವಿಲ್ಲ. ಗೋಡೆಗೆ ಒಂದಕ್ಕೆ ಮಾಡುವುದು ಸ್ವಲ್ಪ ದಿನ ನಿಲ್ಲುತ್ತದೆ. ಕಸ ಮಾತ್ರ ಟೈಲ್ಸಿನಿಂದ ನಾಲ್ಕಡಿ ಆಚೆಗೆ ಜಾಗ ಬದಲಾಯಿಸುತ್ತದೆ, ಅಷ್ಟೇ.

ಆ ಗಲ್ಲಿ ಯಾಕೆ ಇದೆ ಗೊತ್ತಲ್ಲ ಮೇಡಂ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಬಿಟ್ಟು ಜನ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳಿಗೆ ಬಂದರು. ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ ಮಾಡಿದರು. ಮನೆಗಳ ಹಿಂದೆ ಸಣ್ಣ ಗಲ್ಲಿ ಬಿಟ್ಟರು. ಆಗ ಒಳಚರಂಡಿ ಇರಲಿಲ್ಲ. ಮನುಷ್ಯರೇ ಆ ಗಲ್ಲಿಯಲ್ಲಿ ಬಂದು ಹಿಂಬಾಗಿಲಿನಿಂದ ಮಲ ಹೊತ್ತುಕೊಂಡು ಹೋಗಬೇಕಿತ್ತು. ಮುಂಬಾಗಿಲಿಗೆ ಅವರು ಬರುವ ಹಾಗಿರಲಿಲ್ಲ. ಅಂಥ ಗಲ್ಲಿಗೆ ಇವತ್ತಿಗೂ ನಾವು ಕಸವನ್ನೇ ಎಸೆಯುತ್ತಿದ್ದೇವೆ ಅಂದರೆ ಹಳೇ ಚಾಳಿ ಬಿಟ್ಟಿಲ್ಲ ಅಂತಲೇ ಲೆಕ್ಕ.

ಮಾಡಬೇಕಾದ್ದು ಎರಡು. ಒಂದು, ಬೆಳಕು. ಕತ್ತಲಿದ್ದ ಕಡೆ ಕಸ ಬೀಳುತ್ತದೆ. ಗಲ್ಲಿಗೆ ಒಂದು ದೀಪ ಹಾಕಿಸಿ, ನಿಮ್ಮ ಹಿಂಬಾಗಿಲು ದಿನಾ ಒಮ್ಮೆ ತೆರೆಯಿರಿ. ಜನ ನಡೆದಾಡುವ ಗಲ್ಲಿಗೆ ಎಸೆಯೋಕೆ ಹಿಂಜರಿಯುತ್ತಾರೆ. ನಿಮ್ಮ ಮಲ್ಲೇಶ್ವರದಲ್ಲೇ ಕೆಲವು ಗಲ್ಲಿ ಚೊಕ್ಕ ಮಾಡಿ, ಗೋಡೆಗೆ ಚಿತ್ರ ಬರೆದು, ಓಡಾಡುವ ಹಾಗೆ ಮಾಡಿದ್ದಾರೆ, ಹೋಗಿ ನೋಡಿ ಬನ್ನಿ. ಎರಡು, ಎಸೆಯುವವರು ಯಾರು ಅಂತ ಪತ್ತೆ ಮಾಡಿ. ಸಾಮಾನ್ಯವಾಗಿ ಕಸದ ಗಾಡಿ ಬರುವ ಹೊತ್ತಿಗೆ ಮನೆಯಲ್ಲಿ ಇಲ್ಲದವರು: ಬೆಳಗ್ಗೆ ಬೇಗ ಹೋಗುವ ಮನೆಗೆಲಸದವರು, ನೈಟ್ ಶಿಫ್ಟ್ ಹುಡುಗರು. ‘ನಿಮ್ಮ ಬಕೆಟ್ ನಮ್ಮ ಗೇಟಿನಲ್ಲಿಡಿ, ನಾವೇ ಹಾಕುತ್ತೇವೆ’ ಅಂತ ಯಾರಾದರೂ ಒಬ್ಬರು ಹೇಳಿದರೆ ಮುಗೀತು. ಹಸಿ ಕಸ ಹಸಿರು ಬಕೆಟ್ಟಿಗೆ, ಒಣ ಕಸ ಚೀಲಕ್ಕೆ, ಪ್ಯಾಡು ಡೈಪರು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ ಬೇರೆ. ಒಡೆದ ಗಾಜನ್ನೂ ಹಾಗೇ ದಪ್ಪ ಪೇಪರಿನಲ್ಲಿ ಸುತ್ತಿ, ಕೈಗೆ ಕೊಡುವಾಗ ಬಾಯಿಬಿಟ್ಟು ಹೇಳಿ. ಪೌರಕಾರ್ಮಿಕರ ಬೆರಳು ನೋಡಿದ್ದೀರಾ? ಗಾಯದ ಗುರುತಿಲ್ಲದ ಬೆರಳು ಅಪರೂಪ.

ಪ್ರಶ್ನೆ: ಮೂರನೇ ಮನೆ ಹುಡುಗಿ ದಿನಾ ರಾತ್ರಿ ನಮ್ಮ ಗೇಟಿನ ಮುಂದೆ ನಾಯಿಗಳಿಗೆ ಅನ್ನ ಹಾಕುತ್ತಾಳೆ. ನನ್ನ ಮಗ ಟ್ಯೂಷನ್ ಮುಗಿಸಿ ಬರುವಾಗ ಅಟ್ಟಿಸಿಕೊಂಡು ಬರುತ್ತವೆ. ನಮ್ಮ ಬೀದಿಯ ಒಬ್ಬರು ವಿಷ ಹಾಕೋಣ ಅಂತಿದ್ದಾರೆ.
– ತಂದೆ, ಬನಶಂಕರಿ

ಉತ್ತರ: ವಿಷದ ಮಾತು ಆಡಿದವರಿಗೆ ಇವತ್ತೇ ಹೇಳಿ: ಅದು ಅಪರಾಧ, ಜೈಲಾಗುತ್ತದೆ. ಮೇಲಾಗಿ ಬೀದಿಯಲ್ಲಿ ಬಿದ್ದ ವಿಷ ನಾಯಿಗೇ ಸಿಗುತ್ತದೆ ಅಂತ ಏನು ಗ್ಯಾರಂಟಿ? ಮಕ್ಕಳು ಆಡುವ ಜಾಗ.

ಆ ಹುಡುಗಿಯನ್ನು ಕರೆದು ಮಾತಾಡಿ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು, ಬೀದಿನಾಯಿಗಳಿಗೆ ಕಂಡಕಂಡಲ್ಲಿ ಊಟ ಹಾಕಬಾರದು, ಅದಕ್ಕೆಂದು ಗುರುತು ಮಾಡಿದ ಜಾಗದಲ್ಲೇ ಹಾಕಬೇಕು ಅಂತ ಹೇಳಿದೆ. ಆದ್ದರಿಂದ ‘ಹಾಕಬೇಡ’ ಅನ್ನಬೇಡಿ, ‘ಜಾಗ ಬದಲಾಯಿಸೋಣ’ ಅನ್ನಿ. ಯಾರ ಗೇಟೂ ಇಲ್ಲದ ಮೂಲೆ, ಮಕ್ಕಳು ಓಡಾಡದ ಹೊತ್ತು. ಅವಳಿಂದ ನಿಮಗೇ ಒಂದು ಉಪಕಾರ ಆಗಬೇಕಿದೆ. ನಾಯಿಗಳು ಹತ್ತಿರ ಬಿಟ್ಟುಕೊಳ್ಳುವುದು ಅವಳನ್ನು ಮಾತ್ರ. ಕಿವಿ ತುದಿ ಕತ್ತರಿಸಿದ ಗುರುತು ಇದ್ದರೆ ಆಪರೇಷನ್ನೂ ಚುಚ್ಚುಮದ್ದೂ ಆಗಿದೆ ಅಂತ. ಇಲ್ಲದ್ದು ಯಾವುದು ಅಂತ ಅವಳು ತೋರಿಸಿದರೆ ಪಾಲಿಕೆಯವರು ಬಂದಾಗ ಹಿಡಿಸುವುದು ಸುಲಭ.

ಮಗನಿಗೆ: ಓಡಬೇಡ. ನಿಂತುಬಿಡು, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡ, ಕೈ ಬೀಸದೆ ನಿಧಾನ ನಡಿ. ಗೇಟು ಗೇಟು ಹತ್ತಿದ ಉದ್ಯೋಗದಲ್ಲಿ ನಾನು ಕಲಿತ ವಿದ್ಯೆ ಇದು. ಅಕಸ್ಮಾತ್ ಕಚ್ಚಿದರೆ, ಪರಚಿದರೂ ಸರಿ, ಹರಿಯೋ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಶುರು ಮಾಡಿಸಿ, ಎಲ್ಲ ಡೋಸೂ ಮುಗಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ರೇಬೀಸ್ ಬಂದಮೇಲೆ ಔಷಧಿ ಇಲ್ಲ.

ಪ್ರಶ್ನೆ: ಪಕ್ಕದ ಪಿಜಿಯಲ್ಲಿ ಮಹಡಿ ಮೇಲೆ ರಾತ್ರಿ ಹನ್ನೊಂದರವರೆಗೆ ಸ್ಪೀಕರ್ ಹಾಕಿ ಕುಣಿಯುತ್ತಾರೆ.
– ನಿದ್ದೆಗೆಟ್ಟವರು, ಬಿಟಿಎಂ ಲೇಔಟ್

ಉತ್ತರ: ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಸ್ಪೀಕರ್ ಹಾಕುವಂತಿಲ್ಲ. 2000ನೇ ಇಸವಿಯಿಂದಲೇ ನಿಯಮ ಇದೆ. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ. ಅದಕ್ಕೆ ಮೊದಲು ಒಮ್ಮೆ ಹಗಲು ಹೊತ್ತಿನಲ್ಲಿ ಹೋಗಿ ಹುಡುಗರನ್ನೇ ಕೇಳಿ. ರಾತ್ರಿ ಲುಂಗಿ ಕಟ್ಟಿಕೊಂಡು ಕೂಗಾಡುವ ಅಂಕಲ್‌ಗಿಂತ ಹಗಲು ಮಾತಾಡಿಸುವ ಅಂಕಲ್‌ಗೆ ಬೆಲೆ ಜಾಸ್ತಿ. ಹಾಗೇ, ನಿಮ್ಮ ಬೀದಿಯ ಗಣೇಶನ ಆರ್ಕೆಸ್ಟ್ರಾ ಎಷ್ಟು ಗಂಟೆಗೆ ಮುಗಿಯುತ್ತದೆ ಅಂತಲೂ ಲೆಕ್ಕ ಇಟ್ಟುಕೊಳ್ಳಿ. ಅವರು ಕೇಳೇ ಕೇಳುತ್ತಾರೆ.

ಪ್ರಶ್ನೆ: ಪಕ್ಕದ ಮನೆಯಲ್ಲಿ ವಯಸ್ಸಾದ ಅಜ್ಜಿ ಒಬ್ಬರೇ ಇದ್ದಾರೆ. ಮಕ್ಕಳು ಅಮೆರಿಕದಲ್ಲಿ. ಮೊನ್ನೆ ಒಂಬತ್ತು ಗಂಟೆಯಾದರೂ ಹಾಲಿನ ಪ್ಯಾಕೆಟ್ಟು ಗೇಟಿನ ಚೀಲದಲ್ಲೇ ಇತ್ತು. ಗಾಬರಿಯಾಗಿ ಬೆಲ್ ಮಾಡಿದೆ. ‘ಸತ್ತಿದ್ದೀನಾ ಅಂತ ನೋಡೋಕೆ ಬಂದ್ಯಾ’ ಅಂತ ಬೈದುಬಿಟ್ಟರು. ಇನ್ನು ಮೇಲೆ ಸುಮ್ನೆ ಇರಬೇಕಾ?
– ನೆರೆಮನೆಯಾಕೆ, ಜಯನಗರ

ಉತ್ತರ: ಸುಮ್ನಿರಬೇಡಿ. ಬೈಯುವಷ್ಟು ಗಟ್ಟಿಯಾಗಿದ್ದಾರೆ ಅಂತ ಗೊತ್ತಾಯಿತಲ್ಲ, ಹೋದದ್ದೇ ಒಳ್ಳೆಯದಾಯಿತು.

ಒಂಟಿ ಹಿರಿಯರಿಗೆ ‘ನೋಡಿಕೊಳ್ಳುವವರು’ ಅಂದರೆ ಆಗುವುದಿಲ್ಲ. ತಮ್ಮಿಂದ ಏನಾದರೂ ಕೇಳಿಕೊಂಡು ಬರುವವರು ಅಂದರೆ ಆಗುತ್ತದೆ. ಕರಿಬೇವು ಕೇಳಿ. ಹುಳಿಪುಡಿಗೆ ಮೆಂತ್ಯ ಎಷ್ಟು ಅಂತ ಕೇಳಿ, ಮಾಡಿದ ಮೇಲೆ ಒಂದು ಲೋಟ ಹುಳಿ ತೆಗೆದುಕೊಂಡು ಹೋಗಿ ‘ಸರಿಯಾಗಿದೆಯಾ ನೋಡಿ’ ಅನ್ನಿ. ಖಂಡಿತ ಏನೋ ತಪ್ಪು ಹಿಡೀತಾರೆ. ಹಿಡಿಯಲಿ. ಮಾರನೆ ದಿನ ಮತ್ತೆ ಹೋಗೋಕೆ ನೆಪ ಸಿಕ್ಕಿತು.

ಈ ಸಲುಗೆ ಬಂದಮೇಲೆ ಮೂರು ಕೆಲಸ ಮಾಡಿಕೊಳ್ಳಿ. ಅವರ ಮಗನದ್ದೋ ಮಗಳದ್ದೋ ವಾಟ್ಸಾಪ್ ನಂಬರ್. ಒಂದು ಬಿಡಿ ಕೀ, ನಿಮ್ಮ ಮನೆಯಲ್ಲೋ ಅವರು ನಂಬುವ ಇನ್ನೊಬ್ಬರ ಮನೆಯಲ್ಲೋ. ಮತ್ತೆ ಬಾಗಿಲು: ಸ್ನಾನಕ್ಕೆ ಹೋಗುವಾಗ ಬಚ್ಚಲಮನೆ ಚಿಲಕ ಹಾಕಬೇಡಿ ಅಂತ ಅವರಿಗೆ ಹೇಳಿ. ಜಾರಿ ಬಿದ್ದರೆ ಒಳಗಿನ ಚಿಲಕವೇ ದೊಡ್ಡ ಶತ್ರು. ಹಾಲಿನ ಹುಡುಗ, ಹೂವಿನವಳು, ಸೊಪ್ಪಿನವರಿಗೂ ಒಂದು ಮಾತು ಹೇಳಿಡಿ. ಪ್ಯಾಕೆಟ್ಟು ತೆಗೆದಿಲ್ಲ ಅನ್ನುವುದು ಅವರಿಗೇ ಮೊದಲು ಕಾಣುವುದು. ಮೀಟರ್ ಓದುವವರಿಗೂ ಕಾಣುತ್ತದೆ, ಆದರೆ ನಾವು ಹೋಗುವುದು ತಿಂಗಳಿಗೊಮ್ಮೆ. ಮನೆಯಲ್ಲಿ ಜನ ಇದ್ದಾರೆ, ಮುಳ್ಳು ಮಾತ್ರ ಹೋದ ತಿಂಗಳು ಇದ್ದಲ್ಲೇ ಇದೆ ಅಂದರೆ ನಾನು ಬೆಲ್ ಒತ್ತಿಯೇ ಮುಂದೆ ಹೋಗುತ್ತಿದ್ದೆ. ಹಿರಿಯರ ಸಹಾಯವಾಣಿ 14567, ಅಜ್ಜಿಯ ಫೋನಿನಲ್ಲೂ ನಿಮ್ಮ ಫೋನಿನಲ್ಲೂ ಸೇವ್ ಮಾಡಿಕೊಳ್ಳಿ.

ಪ್ರಶ್ನೆ: ಮನೆ ಮುಂದಿನ ಹೊಂಗೆ ಮರದ ಎಲೆ, ಹೂವು ಬಿದ್ದು ಗುಡಿಸಿ ಗುಡಿಸಿ ಸಾಕಾಗಿದೆ. ಕಡಿಸಿಬಿಡೋಣ ಅಂತಾರೆ ಎದುರು ಮನೆಯವರು. ನಾನು ಒಪ್ಪಲೇ?
– ಪೊರಕೆ ಹಿಡಿದವರು, ಶ್ರೀನಗರ

ಉತ್ತರ: ಒಪ್ಪಬೇಡಿ. ನೀವಿಬ್ಬರೂ ಒಪ್ಪಿದರೂ ಕಡಿಯುವ ಹಾಗಿಲ್ಲ. 1976ರ ಮರ ಸಂರಕ್ಷಣೆ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಬೇಕು. ಎಲೆ ಉದುರುತ್ತದೆ ಅನ್ನೋದಕ್ಕೆಲ್ಲ ಅನುಮತಿ ಕೇಳೋಕೆ ಹೋದರೆ ಅವರು ನಿಮ್ಮನ್ನೇ ನೋಡಿ ನಗುತ್ತಾರೆ. ಕೊಂಬೆ ಕರೆಂಟ್ ತಂತಿಗೆ ತಾಗುತ್ತಿದ್ದರೆ ಬೆಸ್ಕಾಂ 1912ಕ್ಕೆ ಹೇಳಿ, ಅಷ್ಟು ಮಾತ್ರ ಸವರುತ್ತಾರೆ. ಎಲೆಯನ್ನು ಚರಂಡಿಗೆ ತಳ್ಳಬೇಡಿ, ಮಳೆ ಬಂದಾಗ ನಿಮ್ಮ ಮನೆಗೇ ನೀರು ನುಗ್ಗುತ್ತದೆ. ಬೆಂಕಿಯನ್ನೂ ಹಾಕಬೇಡಿ. ಒಂದು ಹಳೇ ಗೋಣಿಚೀಲಕ್ಕೆ ತುಂಬಿ, ಆಗಾಗ ಒಂದು ಚೊಂಬು ಹುಳಿ ಮಜ್ಜಿಗೆ ನೀರು ಚಿಮುಕಿಸಿ ಮೂಲೆಯಲ್ಲಿಡಿ. ಕೆಲವು ತಿಂಗಳಲ್ಲಿ ಗೊಬ್ಬರ. ಜಾಸ್ತಿಯಾದರೆ ರಾಜಾಜಿನಗರದ ನಮ್ಮ ದಾಸವಾಳದ ಒಡತಿಗೆ ಕಳಿಸಿ, ವಿಳಾಸ ಸಂಪಾದಕರ ಹತ್ತಿರ ಇದೆ.